ಪದಚರ್ಚೆ: ಕಾರ್ಖಾನೆಯ ಫಲಕಕ್ಕೆ 'ಅತಿಸೂಕ್ಷ್ಮ ಕಣ' ನಡೆಯುತ್ತದೆಯೆ? (ತುರ್ತು)

ಪ್ರಶ್ನೆ:

ಮಾನ್ಯರೆ, ಬಣ್ಣದ ಕಾರ್ಖಾನೆಯೊಂದರ ಮಿಕ್ಸಿಂಗ್ ವಿಭಾಗಕ್ಕೆ ಎಚ್ಚರಿಕೆ ಫಲಕ ಬೇಕಾಗಿದೆ. ನಾಳೆ ಸಂಜೆ ಅಚ್ಚಿಗೆ. ಅಲ್ಲಿ ಎರಡು ಬಗೆಯ ಟೈಟಾನಿಯಂ ಡೈಆಕ್ಸೈಡ್ ಚೀಲಗಳಿವೆ. ಒಂದು ಬಿಳುಪಿಗೆ ಹಾಕುವ ಮಾಮೂಲಿ ಪುಡಿ, ಕಣದ ಅಡ್ಡಳತೆ 200–300 ನ್ಯಾನೊಮೀಟರ್. ಇನ್ನೊಂದು, ಬಿಸಿಲಿನ ಅತಿನೇರಳೆ ಕಿರಣ ತಡೆಯಲೆಂದು ಮರದ ವಾರ್ನಿಷಿಗೆ ಬೆರೆಸುವಂಥದು, 100ಕ್ಕಿಂತ ಕಿರಿದು. ನೋಡಲು ಎರಡೂ ಬಿಳಿ ಪುಡಿಯೇ. ಫಲಕ ಎರಡನೆಯದಕ್ಕೆ ಮಾತ್ರ. ಕರಡು ಹೀಗಿದೆ:

"ಎಚ್ಚರ! ಅತಿಸೂಕ್ಷ್ಮ ಕಣಗಳು. ಒಣ ಕಸ ಗುಡಿಸಬೇಡಿ. ಮುಖಗವಸು ಧರಿಸಿ."

ಜೊತೆಗೆ ಕೊಡುವ ಸುರಕ್ಷತಾ ಹಾಳೆಯಲ್ಲಿ 'ಅಗ್ಲೋಮರೇಟ್', 'ಅಗ್ರಿಗೇಟ್' ಎರಡೂ ಬರುತ್ತವೆ. ಎರಡಕ್ಕೂ 'ಕಣಗುಂಪು' ಸಾಕೆ?

ಜಿ.ಆರ್.:

'ಅತಿಸೂಕ್ಷ್ಮ' ಸಲ್ಲದು. ಸೂಕ್ಷ್ಮದರ್ಶಕ, ಸೂಕ್ಷ್ಮಜೀವಿಗಳಲ್ಲಿ ಅದು ಮೈಕ್ರೊ ಆಗಿ ನೆಲೆ ನಿಂತಿದೆ. ನಮ್ಮಲ್ಲೇ 'ನುಣ್' ಎಂಬ ಬೇರು ಇದೆ: ನುಣ್ಪು, ನುಣುಪು, ನುಣ್ಣನೆ. 'ನುಣ್ಗಣ' ಎನ್ನಿ. ಎರವಲು ಹಂಗೇ ಬೇಡ.

ಎಂ.ವಿ.:

ನುಣ್ + ಕಣ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಕೈಬಿಡಿ.

ಜಿ.ಆರ್.:

ಮಳೆಗಾಲ, ಚಳಿಗಾಲವನ್ನೂ ಕೈಬಿಡುತ್ತೀರಾ?

ಕೆ.ಎಸ್.:

ಸಮಾಸದ ಜಗಳ ಆಮೇಲಿರಲಿ. 'ನುಣ್ಣಗೆ' ಎಂದರೆ ಇವತ್ತಿನ ಕನ್ನಡಿಗನಿಗೆ ತರಿಯಿಲ್ಲದ್ದು, ಜಾರುವಂಥದ್ದು. ಮಾಮೂಲಿ ಪುಡಿಯೂ ಬೆರಳಿಗೆ ನುಣ್ಣಗೇ ಹತ್ತುತ್ತದೆ. ತಮಿಳರಲ್ಲೂ 'ನುಣ್' ಮೈಕ್ರೊ ಪಾಲಿಗೆ ಹೋಗಿದೆ. ಅಲ್ಲಿ ನುಣ್ಣುಯಿರ್ ಎಂದರೆ ಸೂಕ್ಷ್ಮಜೀವಿ. ಸೂಕ್ಷ್ಮಕ್ಕೆ ಹೇಳಿದ ಆಕ್ಷೇಪ ನುಣ್‌ಗೂ ತಪ್ಪದು.

ಫಲಕ ಮಾಡಬೇಕಾದ ಕೆಲಸ ಒಂದೇ: ಈ ಚೀಲ ಪಕ್ಕದ ಚೀಲದಂತಲ್ಲ ಎಂದು ತಿಳಿಸುವುದು. ಕಣದ ಅಡ್ಡಳತೆ ಹತ್ತನೇ ಒಂದಾದರೆ ಅಷ್ಟೇ ತೂಕದ ಪುಡಿಯ ಒಟ್ಟು ಹೊರಮೈ ಹತ್ತು ಪಟ್ಟಾಗುತ್ತದೆ. ಶ್ವಾಸಕೋಶಕ್ಕೆ ತಗಲುವುದು ಆ ಹೊರಮೈ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 2011ರಲ್ಲಿ ಕೆಲಸದ ಜಾಗದ ಗಾಳಿಗೆ ಸೂಚಿಸಿದ ಮಿತಿ ನೋಡಿ: ಮಾಮೂಲಿ ಟೈಟಾನಿಯಂ ಡೈಆಕ್ಸೈಡಿಗೆ ಘನಮೀಟರಿಗೆ 2.4 ಮಿಲಿಗ್ರಾಂ, ನ್ಯಾನೊಗೆ, ಅಂದರೆ 100 ನ್ಯಾನೊಮೀಟರಿಗಿಂತ ಕಿರಿದಾದ ನಿಮ್ಮ ಎರಡನೆಯ ಬಗೆಗೆ, 0.3. ಎಂಟು ಪಟ್ಟು ಬಿಗಿ. 'ಅತಿಸೂಕ್ಷ್ಮ', 'ನುಣ್ಗಣ' ಎರಡೂ ಈ ಗೆರೆಯನ್ನು ಅಳಿಸುತ್ತವೆ. ಚೀಲದ ಮೇಲೆ 'ನ್ಯಾನೊ' ಎಂದಿದ್ದರೆ ಫಲಕದಲ್ಲೂ 'ನ್ಯಾನೊ ಪುಡಿ' ಎಂದೇ ಇರಲಿ.

'ಒಣ ಕಸ ಗುಡಿಸಬೇಡಿ' ಖಂಡಿತ ತೆಗೆಯಿರಿ. ಹಸಿ ಕಸ, ಒಣ ಕಸ ಎಂದು ಬೇರ್ಪಡಿಸಿ ಕೊಡುವ ಊರಿನಲ್ಲಿ ಅದನ್ನು ಪ್ಲಾಸ್ಟಿಕ್ಕು, ರಟ್ಟು ಎಂದೇ ಓದುತ್ತಾರೆ. 'ಪೊರಕೆ ಬೇಡ, ಏರ್‌ಗನ್ ಬೇಡ' ಎನ್ನಿ. ಎರಡೂ ಕೂತ ಪುಡಿಯನ್ನು ಮತ್ತೆ ಗಾಳಿಗೆ ಎಬ್ಬಿಸುತ್ತವೆ. 'ಒದ್ದೆ ಬಟ್ಟೆಯಲ್ಲಿ ಒರೆಸಿ' ಅಥವಾ 'ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ'. ಹೆಪಾ ಎಂದರೆ ತೀರಾ ಸಣ್ಣ ಧೂಳನ್ನೂ ಹಿಡಿದಿಡುವ ಸೋಸುಕ. ಬರೀ 'ವ್ಯಾಕ್ಯೂಮ್' ಎಂದರೆ ಮಾಮೂಲಿ ಯಂತ್ರ ತರುತ್ತಾರೆ. ಅದು ಮುಂದೆ ಎಳೆದುಕೊಂಡ ಪುಡಿಯಲ್ಲಿ ಒಂದಿಷ್ಟನ್ನು ಹಿಂದಿನಿಂದ ಊದುತ್ತದೆ.

'ಮುಖಗವಸು' ಕೂಡ ಸಾಲದು, ಬಟ್ಟೆಯದೂ ಮುಖಗವಸೇ. 'ಎನ್95' ಎಂದು ಹೆಸರಿಡಿ. ಕಣ ತೀರಾ ಚಿಕ್ಕದು, ಮಾಸ್ಕಿನಲ್ಲಿ ನುಸುಳಿಬಿಡುತ್ತದೆ ಎಂಬ ನಂಬಿಕೆ ತಪ್ಪು. ಅಷ್ಟು ಸಣ್ಣ ಕಣ ಗಾಳಿಯಲ್ಲಿ ನೆಟ್ಟಗೆ ಸಾಗದೆ ಅಡ್ಡಾದಿಡ್ಡಿ ಅಲೆದು ಎಳೆಗೆ ಬಡಿದು ಅಂಟುತ್ತದೆ. ಸೋರುವುದು ಮೂಗಿನ ಪಕ್ಕದ ಸಂದಿಯಲ್ಲಿ, ಗಡ್ಡದ ಮೇಲೆ. ಹಾಗಾಗಿ 'ಅಂಚು ಮುಖಕ್ಕೆ ಕೂರಲಿ' ಎಂಬ ಸಾಲು ಸೇರಿಸಿ.

ಇನ್ನು 'ಕಣಗುಂಪು'. ಅಗ್ಲೋಮರೇಟಿನಲ್ಲಿ ಕಣಗಳು ಸಡಿಲವಾಗಿ ಅಂಟಿರುತ್ತವೆ, ಅಗ್ರಿಗೇಟಿನಲ್ಲಿ ಬೆಸೆದುಹೋಗಿರುತ್ತವೆ. ಮೊದಲನೆಯದಕ್ಕೆ 'ಗಂಟು'. ಮುದ್ದೆ ತೊಳಸುವಾಗ ಗಂಟು ಕೋಲಿಗೆ ಸಿಕ್ಕಿ ಒಡೆಯುವಂತೆ ಇದೂ ಮಿಕ್ಸರಿನಲ್ಲಿ ಒಡೆಯುತ್ತದೆ. ಚೀಲವನ್ನು ಎತ್ತರದಿಂದ ಸುರಿದರೂ ಒಂದಿಷ್ಟು ಒಡೆದು ಮೇಲೇಳುತ್ತದೆ. ಎರಡನೆಯದಕ್ಕೆ 'ಬೆಸುಗೆ ಗೊಂಚಲು'. ಜ್ವಾಲೆಯಲ್ಲಿ ತಯಾರಿಸಿದ ಸಿಲಿಕಾ ಹೀಗೆ ಬೆಸೆದೇ ಬರುತ್ತದೆ, ಕಲಕಿದರೆ ಬಿಡಿಯಾಗದು. ಗೊಂಚಲು ದೊಡ್ಡದಾದ ಮಾತ್ರಕ್ಕೆ ಅದು ನ್ಯಾನೊ ಅಲ್ಲ ಎನ್ನುವಂತಿಲ್ಲ: ಐರೋಪ್ಯ ಒಕ್ಕೂಟದ ವ್ಯಾಖ್ಯೆ ಒಳಗಿನ ಕಣಗಳನ್ನೇ ಎಣಿಸುತ್ತದೆ, ಸಂಖ್ಯೆಯಲ್ಲಿ ಅರ್ಧ ಅಥವಾ ಹೆಚ್ಚು 1–100 ನ್ಯಾನೊಮೀಟರಿನೊಳಗಿದ್ದರೆ ಅದು ನ್ಯಾನೊ.

ಜಿ.ಆರ್.:

ಗಂಟು ಚೆನ್ನಾಗಿದೆ, ಒಪ್ಪಿದೆ. ಆದರೆ ಇಂಗ್ಲಿಷು ಹೇಳಿದ್ದಕ್ಕೆಲ್ಲ ಹೂಂ ಎಂದರೆ ಕನ್ನಡದ ಬೇರುಗಳಿಗೆ ಕೆಲಸವೇ ಉಳಿಯದು.

ಎಂ.ವಿ.:

ನ್ಯಾನೊ ಇಂಗ್ಲಿಷಲ್ಲ. ಕುಳ್ಳ ಎಂಬರ್ಥದ ಗ್ರೀಕ್ ಪದ, ಇಂಗ್ಲಿಷಿಗೂ ಎರವಲೇ. ಪೋರ್ಚುಗೀಸರ ಅಲಮಾರು ನಮ್ಮ ಮನೆಯೊಳಗೇ ನಿಂತಿದೆ, ಯಾರೂ ಹೊರಗೆ ಹಾಕಿಲ್ಲ.

ಜಿ.ಆರ್.:

ಅಲಮಾರಿಗೆ ನಮ್ಮಲ್ಲಿ ಹೆಸರಿರಲಿಲ್ಲ. ಚಿಕ್ಕದಕ್ಕೆ ಕಿರು, ಮರಿ, ಚಿಟ್ಟು, ನುಣ್ ಎಲ್ಲ ಇವೆ.

ಕೆ.ಎಸ್.:

ಚಿಕ್ಕದಕ್ಕೆ ಪದಗಳಿವೆ, ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಎಂಬ ಅಳತೆಗೆ ಇಲ್ಲ. ಕಿಲೊ, ಮಿಲಿ ಒಪ್ಪಿದವರು ನ್ಯಾನೊ ಒಂದಕ್ಕೆ ಬಾಗಿಲು ಹಾಕಲು ಕಾರಣ ಕಾಣೆ.

ಪ್ರಶ್ನೆ ಕೇಳಿದವರು:

ಅಚ್ಚಿಗೆ ಕೊಡುತ್ತಿರುವುದು ಇದು:

"ಎಚ್ಚರ: ನ್ಯಾನೊ ಪುಡಿ. ಎತ್ತರದಿಂದ ಸುರಿಯಬೇಡಿ. ಪೊರಕೆ ಬೇಡ, ಏರ್‌ಗನ್ ಬೇಡ. ಒದ್ದೆ ಬಟ್ಟೆ ಅಥವಾ ಹೆಪಾ ವ್ಯಾಕ್ಯೂಮ್ ಮಾತ್ರ. ಎನ್95 ಮಾಸ್ಕ್ ಕಡ್ಡಾಯ, ಅಂಚು ಮುಖಕ್ಕೆ ಕೂರಲಿ."

ಕೆ.ಎಸ್.:

ಸರಿಯಿದೆ. ಒರೆಸಿದ ಬಟ್ಟೆ ಒಣಗಿದರೆ ಪುಡಿ ಮತ್ತೆ ಏಳುತ್ತದೆ. 'ಬಟ್ಟೆಯನ್ನು ಒದ್ದೆಯಿರುವಾಗಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ' ಎಂದು ಕೊನೆಗೆ ಸೇರಿಸಿ. ಆ ಚೀಲದ ಮೇಲೂ 'ನ್ಯಾನೊ ಪುಡಿ' ಎಂಬ ಚೀಟಿಯನ್ನೇ ಅಂಟಿಸಲು ಹೇಳಿ.