ಕೊನೆಯ ಪಟ್ಟನ್ನೂ ತೋರಿಸಿಬಿಟ್ಟ ಕೋಚ್: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: (ವಿಡಿಯೊ)

ದೊಡ್ಡಪ್ಪ: ಬಂದದ್ದನ್ನು ಹಾಗೇ ಕಳಿಸಿದ್ದೇನೆ, ಎಲ್ಲರೂ ಓದಿ. "ಬ್ರೆಜಿಲಿನ ಜಿಯು-ಜಿತ್ಸು ವೀರ ಮಾರ್ಸೆಲೊ ಗಾರ್ಸಿಯಾ. ಹೊಟ್ಟೆಯ ಕ್ಯಾನ್ಸರ್ ಬಂತು. ಡಾಕ್ಟರುಗಳು ಕೈಚೆಲ್ಲಿದರು. ಅವನ ಮನೋಬಲದ ಮುಂದೆ ಕ್ಯಾನ್ಸರ್ ಮಂಡಿಯೂರಿತು. 42ನೇ ವಯಸ್ಸಿಗೆ ಮತ್ತೆ ಅಖಾಡಕ್ಕಿಳಿದು ಗೆದ್ದ. ಮನಸ್ಸಿದ್ದರೆ ಮಾರ್ಗ. ಹತ್ತು ಜನಕ್ಕೆ ಕಳಿಸಿ."

ದೊಡ್ಡಪ್ಪ: ಚೇತನ್, ನೀನು ಆಡುವ ಆಟ ಇದೇ ಅಲ್ವಾ?

ಚೇತನ್: ಹೌದು ತಾತ, ಇದೇ. ಎದುರಾಳಿಯನ್ನು ನೆಲಕ್ಕೆ ಹಾಕಿ, ಕತ್ತು ಇಲ್ಲಾ ಕೈಕಾಲು ಬಿಗಿದು ಸೋಲೊಪ್ಪಿಸುವ ಕುಸ್ತಿ. 2025ರ ಜನವರಿ, ಬ್ಯಾಂಕಾಕ್. ಒನ್ ಚಾಂಪಿಯನ್‌ಶಿಪ್ ಅನ್ನುವ ಸಂಸ್ಥೆಯವರು ನಡೆಸಿದ ಪಂದ್ಯ. ಜಪಾನಿನ ಮಸಕಾಜು ಇಮಾನಾರಿ ಮೇಲೆ ಕತ್ತಿನ ಪಟ್ಟು ಹಾಕಿ ಗೆದ್ದರು. ಮಾರ್ಸೆಲೊ 2011ರ ಮೇಲೆ ದೊಡ್ಡ ಪಂದ್ಯ ಆಡಿರಲೇ ಇಲ್ಲ.

ಗೀತಾ ಚಿಕ್ಕಮ್ಮ: ಭಾವ, ಬೇಜಾರು ಮಾಡಿಕೊಳ್ಳಬೇಡಿ. ದಯವಿಟ್ಟು ಇದನ್ನು ಬೇರೆ ಗುಂಪುಗಳಿಗೆ ಕಳಿಸಬೇಡಿ. ನಾನು ಕ್ಯಾನ್ಸರ್ ವಾರ್ಡಿನಲ್ಲೇ ನರ್ಸ್ ಆಗಿ ರಿಟೈರ್ ಆದವಳು. ಮನೋಬಲದಿಂದ ಒಬ್ಬ ಉಳಿದ ಅಂದರೆ, ಉಳಿಯದೇ ಹೋದವರಿಗೆ ಮನೋಬಲ ಕಮ್ಮಿ ಇತ್ತು ಅಂದ ಹಾಗಾಗುತ್ತದೆ. ನಾನು ನೋಡಿದ ಎಷ್ಟೋ ಜನ ಗಟ್ಟಿ ಮನಸ್ಸಿನವರೇ. ಅವರ ಮನೆಯವರು ಇದನ್ನು ಓದಿದರೆ ಏನನ್ನಿಸಬೇಕು?

ದೊಡ್ಡಪ್ಪ: ಧೈರ್ಯ ತುಂಬಲಿ ಅಂತ ಕಳಿಸಿದ್ದು ಗೀತಾ. ಕೆಟ್ಟದ್ದೇನಿದೆ ಇದರಲ್ಲಿ?

ಗೀತಾ ಚಿಕ್ಕಮ್ಮ: ಧೈರ್ಯ ಬೇಕು, ಬೇಡ ಅನ್ನುತ್ತಿಲ್ಲ. ಡಾಕ್ಟರುಗಳು ಕೈಚೆಲ್ಲಿದರು ಅಂತ ಬರೆದಿದ್ದಾರಲ್ಲ, ಅದು ನಿಜವಾ? ಚೇತನ್, ನಿನಗೆ ಗೊತ್ತಿದ್ದರೆ ಹೇಳು.

ಚೇತನ್: ಇಲ್ಲ ಅಜ್ಜಿ. 2023ರಲ್ಲಿ ಗೊತ್ತಾಯಿತು. ಕೀಮೊ ಆಯಿತು, ಸರ್ಜರಿ ಆಯಿತು. ಆಮೇಲೆ ಕ್ಯಾನ್ಸರ್ ಇಲ್ಲ ಅಂತ ಅವರೇ ಹೇಳಿದರು.

ಗೀತಾ ಚಿಕ್ಕಮ್ಮ: ನೋಡಿ. ಕೀಮೊ ಕೊಟ್ಟವರು, ಆಪರೇಷನ್ ಮಾಡಿದವರು ಯಾರೂ ಈ ಮೆಸೇಜಿನಲ್ಲಿ ಇಲ್ಲವೇ ಇಲ್ಲ. ಇದನ್ನು ಓದಿದ ಯಾರಾದರೂ ಕೀಮೊ ಬೇಡ, ಮನೋಬಲ ಸಾಕು ಅಂತ ಮನೆಯಲ್ಲಿ ಕೂತರೆ? ಹಾಗೆ ಕೂತು ತಡವಾಗಿ ಬಂದವರನ್ನೂ ನೋಡಿದ್ದೇನೆ ಭಾವ.

ಹರೀಶ್ ಭಾವ: ಚಿಕ್ಕಮ್ಮ ಹೇಳುವುದು ಸರಿ. ಇನ್ನೊಂದು ವಿಷಯ. ಈಗ ತಾನೇ ನೋಡಿದೆ, ಆ ಇಮಾನಾರಿಗೆ ಆಗ 48 ವರ್ಷ. 42ರವನು 48ರವನನ್ನು ಗೆದ್ದ. ಇದರಲ್ಲಿ ಅಷ್ಟೊಂದು ಏನಿದೆ? ಚೇತನ್ ಇದನ್ನೆಲ್ಲಾ ನೋಡಿ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾನಲ್ಲ, ನನ್ನ ತಲೆಬಿಸಿ ಅದು.

ಸುಮಾ ಅಕ್ಕ: ಆ ವಿಷಯ ಇಲ್ಲಿ ಬೇಡ ಅಂದಿದ್ದೆನಲ್ಲ ರೀ.

ದೊಡ್ಡಪ್ಪ: ಯಾವ ವಿಷಯ? ಕೆಲಸ ಬಿಡುವುದಾ?

ಚೇತನ್: ತಾತ, ಬಿಟ್ಟಿಲ್ಲ. ಈಗ ಸಂಜೆ ಹೊತ್ತು ಮಕ್ಕಳ ಬ್ಯಾಚಿಗೆ ಹೇಳಿಕೊಡುತ್ತಿದ್ದೇನೆ. ಫುಲ್‌ಟೈಮ್ ಕೋಚ್ ಆಗಿ ಬಾ ಅಂತ ಕರೆದಿದ್ದಾರೆ. ಯೋಚನೆ ಮಾಡುತ್ತಿದ್ದೇನೆ ಅಷ್ಟೇ.

ನಾನು: ಭಾವ, ನಾನು ಕಾಲೇಜಿನ ದಿನಗಳಿಂದ ಮಾರ್ಸೆಲೊ ಆಟ ನೋಡಿಕೊಂಡು ಬಂದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ಸಹಿಸಿಕೊಳ್ಳಿ. ಬ್ಯಾಂಕಾಕ್ ಪಂದ್ಯ ಅವರ ದೊಡ್ಡ ಪಂದ್ಯವೇ ಅಲ್ಲ. ಅದೊಂದನ್ನೇ ಹಿಡಿದು ಅವರನ್ನು ಕ್ಯಾನ್ಸರ್ ಗೆದ್ದವರು ಅಂತ ಮಾಡಿಬಿಟ್ಟರೆ ಅವರು ಮಾಡಿದ ಕೆಲಸವೆಲ್ಲಾ ಮರೆಯಾಗುತ್ತದೆ. ಮಿನಾಸ್ ಜೆರಾಯಿಸ್ ರಾಜ್ಯದ ಫಾರ್ಮಿಗಾ ಅನ್ನುವ ಊರಿನವರು, 1983ರಲ್ಲಿ ಹುಟ್ಟಿದ್ದು. ಆಮೇಲೆ ಸಾವ್ ಪಾವ್ಲೊದಲ್ಲಿ ಫ್ಯಾಬಿಯೊ ಗುರ್ಗೆಲ್ ಹತ್ತಿರ ಕಲಿತರು. 2003ರ ಎಡಿಸಿಸಿ ಅದೇ ಸಾವ್ ಪಾವ್ಲೊದಲ್ಲಿ ನಡೆಯಿತು. ಎಡಿಸಿಸಿ ಅಂದರೆ ಅಬುಧಾಬಿಯವರು ಶುರು ಮಾಡಿದ್ದು, ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಆಯ್ಕೆ ಪಂದ್ಯದಲ್ಲಿ ಸೋತಿದ್ದ ಈ 20ರ ಹುಡುಗನಿಗೆ ಬೇರೆಯವರ ಬದಲಿಗೆ ಜಾಗ ಸಿಕ್ಕಿತು. ಬಂದವನು ಆಗಲೇ ದೊಡ್ಡ ಹೆಸರಿದ್ದ ರೆಂಜೊ ಗ್ರೇಸಿಯನ್ನು ಪಾಯಿಂಟ್ ಮೇಲೆ ಸೋಲಿಸಿದ. ವಿಟೊರ್ ಶಾವೊಲಿನ್ ರಿಬೇರೊ ಅಂದರೆ ಆಗ ಎಲ್ಲರೂ ಹೆದರುವ ಹೆಸರು. ಅವನ ತೋಳು ಹಿಡಿದು ಎಳೆದು, ಬೆನ್ನ ಹಿಂದೆ ಹೋಗಿ, ಕತ್ತು ಬಿಗಿದ. ಅರ್ಧ ನಿಮಿಷ ಕೂಡ ಆಗಿರಲಿಲ್ಲ. ಚಾಂಪಿಯನ್ ಆಗಿಯೇ ಮನೆಗೆ ಹೋದ. ಮುಂದೆ 2005, 2007, 2011ರಲ್ಲೂ ಗೆದ್ದರು. ಎಲ್ಲಾ 77 ಕೆಜಿ ಒಳಗಿನ ವಿಭಾಗದಲ್ಲಿ. ಗಿ ಅನ್ನುವ ದಪ್ಪ ಬಟ್ಟೆಯ ಅಂಗಿ ಹಾಕಿಕೊಂಡು ಆಡುವ ವಿಶ್ವ ಚಾಂಪಿಯನ್‌ಶಿಪ್ ಬೇರೆ, ಅದನ್ನು ಐದು ಸಲ ಗೆದ್ದಿದ್ದಾರೆ.

ಹರೀಶ್ ಭಾವ: ಸೋತಿದ್ದನ್ನೂ ಹೇಳು ರಾಜೀವ.

ನಾನು: ಹೇಳುತ್ತೇನೆ ಭಾವ, ಮುಚ್ಚಿಡುವುದು ಏನಿದೆ. 2007ರಲ್ಲಿ ತೂಕದ ಮಿತಿ ಇಲ್ಲದ ವಿಭಾಗದಲ್ಲಿ ಫೈನಲ್‌ವರೆಗೆ ಹೋಗಿ ರಾಬರ್ಟ್ ಡ್ರೈಸ್‌ಡೇಲ್ ಕೈಲಿ ಸೋತರು. 2009ರಲ್ಲಿ ಬಾರ್ಸಿಲೋನಾದ ಫೈನಲ್‌ನಲ್ಲಿ ಪ್ಯಾಬ್ಲೊ ಪೊಪೊವಿಚ್ ಕೈಲಿ ಸೋತರು. ಗುದ್ದು, ಒದೆತ ಎಲ್ಲಾ ಇರುವ ಎಂಎಂಎ ಒಂದೇ ಒಂದು ಪಂದ್ಯ ಆಡಿದ್ದು, 2007ರಲ್ಲಿ ಕೊರಿಯಾದಲ್ಲಿ, ಅದೂ ಸೋಲು.

ದೊಡ್ಡಪ್ಪ: ನನ್ನದೊಂದು ಪ್ರಶ್ನೆ. ಈ ವಿಡಿಯೊದಲ್ಲಿ ಆ ಜಪಾನಿನವನು ತಾನಾಗೇ ಹೋಗಿ ನೆಲದ ಮೇಲೆ ಬೆನ್ನು ಕೊಟ್ಟು ಕೂರುತ್ತಾನೆ. ಇದೆಂಥ ಕುಸ್ತಿ? ಮೈಸೂರಿನ ಗರಡಿಯಲ್ಲಿ ನಾವು ಸಾಮು ಮಾಡುವಾಗ ಬೆನ್ನು ಮಣ್ಣಿಗೆ ತಾಗಿತು ಅಂದರೆ ಮುಗಿಯಿತು, ಚಿತ್. ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟಿಸಿಕೊಂಡು ಬಂದ ಪೈಲ್ವಾನನೇ ಹೀಗೆ ಮಲಗಿದರೆ ಜನ ಎದ್ದು ಹೋಗುತ್ತಾರೆ.

ಚೇತನ್: ತಾತ, ಇದರಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೇ ಅರ್ಧ ಆಟ ಇರುವುದು. ಎಕ್ಸ್ ಗಾರ್ಡ್ ಅಂತ ಒಂದಿದೆ, ಮಾರ್ಸೆಲೊ ಅವರಿಂದಲೇ ಅದು ಪ್ರಪಂಚಕ್ಕೆಲ್ಲಾ ಗೊತ್ತಾಗಿದ್ದು. ನಾನು ಮಲಗಿದ್ದೇನೆ, ನೀವು ನನ್ನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ನಾನು ಜಾರಿ ನಿಮ್ಮ ಎರಡು ಕಾಲಿನ ನಡುವೆ ಬರುತ್ತೇನೆ. ನಿಮ್ಮ ಒಂದು ಕಾಲನ್ನು ಕೈಯಲ್ಲಿ ಅಪ್ಪಿ ಹೆಗಲ ಮೇಲೆ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಕಾಲಿಗೆ ನನ್ನ ಎರಡೂ ಕಾಲನ್ನು ಅಡ್ಡಡ್ಡ ಹಾಕುತ್ತೇನೆ, ಒಂದು ಪಾದ ತೊಡೆಸಂದಿಯ ಹತ್ತಿರ, ಇನ್ನೊಂದು ಮಂಡಿಯ ಹಿಂದೆ. ಈಗ ಕಾಲು ನೀಟಿದರೆ ಸಾಕು, ನಿಮ್ಮ ಎರಡು ಕಾಲು ದೂರ ಹೋಗುತ್ತದೆ, ಎಷ್ಟೇ ತೂಕ ಇದ್ದರೂ ನಿಲ್ಲಲು ಆಗಲ್ಲ. ನೀವು ಬೀಳುತ್ತೀರಿ, ನಾನು ಏಳುತ್ತೇನೆ.

ದೊಡ್ಡಪ್ಪ: ಕಾಲು ಸೀಳುವುದು. ಮ್. ಮುಂದೆ?

ಚೇತನ್: ಮುಂದೆ ಬೆನ್ನ ಹಿಂದೆ ಹೋಗುವುದು. ಒಂದು ಕೈ ಹೆಗಲ ಮೇಲಿಂದ, ಇನ್ನೊಂದು ಕಂಕುಳ ಕೆಳಗಿಂದ, ಎದೆಯ ಮೇಲೆ ಎರಡೂ ಸೇರಿಸಿ ಬೀಗ. ಸೀಟ್‌ಬೆಲ್ಟ್ ಅನ್ನುತ್ತಾರೆ. ಮಾರ್ಸೆಲೊ ಈ ಹಿಡಿತ ಸಿಕ್ಕರೆ ಬಿಡುತ್ತಿರಲಿಲ್ಲ. ಜಿಮ್ಮಿನಲ್ಲಿ ತೂಕ ಎತ್ತಿ ಬೆಳೆಸಿದ ಮೈಯಲ್ಲ ಅವರದು. ದಪ್ಪಗಿರುವವರ ಮೇಲೆ ನಡೆಯದ ಪಟ್ಟುಗಳನ್ನು ಅವರು ಅಭ್ಯಾಸವೇ ಮಾಡುತ್ತಿರಲಿಲ್ಲ. ಕತ್ತಿನ ಮೇಲೇ ಕಣ್ಣು.

ದೊಡ್ಡಪ್ಪ: ಇದು ಸರಿ, ಒಪ್ಪಿದೆ. ಆದರೆ ಇಷ್ಟೆಲ್ಲಾ ಒಳಗುಟ್ಟು ನಿನಗೆ ಬೆಂಗಳೂರಿನಲ್ಲಿ ಹೇಗೆ ಗೊತ್ತು? ನಮ್ಮ ಉಸ್ತಾದರು ಅಷ್ಟು ಪ್ರೀತಿಯಿಂದ ಹೇಳಿಕೊಡುತ್ತಿದ್ದರು, ಆದರೂ ಒಂದು ಪಟ್ಟು ಇಟ್ಟುಕೊಂಡೇ ಇರುತ್ತಿದ್ದರು. ಕೊನೆಯ ಪಟ್ಟು ಶಿಷ್ಯನಿಗೂ ಕೊಡಬಾರದು, ಗರಡಿಯ ಪದ್ಧತಿ ಅದು.

ನಾನು: ದೊಡ್ಡಪ್ಪ, ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಇವರು ಅದಕ್ಕೆ ಪೂರ್ತಿ ಉಲ್ಟಾ. ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ ಅಕಾಡೆಮಿ ಮಾಡಿದ ಮೇಲೆ, ಚೆಸ್ ಆಟಗಾರ ಜೋಶ್ ವೇಟ್ಸ್‌ಕಿನ್ ಜತೆ ಸೇರಿ ಒಂದು ವೆಬ್‌ಸೈಟ್ ತೆರೆದರು. ಎಂಜಿ ಇನ್ ಆ್ಯಕ್ಷನ್ ಅಂತ. ದಿನದ ಕ್ಲಾಸ್ ಏನು ನಡೆಯಿತು, ಶಿಷ್ಯರ ಜತೆ ಏನು ಆಡಿದರು, ಎಲ್ಲಾ ಕ್ಯಾಮೆರಾದಲ್ಲಿ ಹಿಡಿದು ಹಾಕುತ್ತಿದ್ದರು. ಪಂದ್ಯದ ತಯಾರಿ ಕೂಡ. ತಿಂಗಳ ಚಂದಾ ಕಟ್ಟಿದರೆ ಯಾರು ಬೇಕಾದರೂ ನೋಡಬಹುದಿತ್ತು, ಮುಂದೆ ಎದುರಿಗೆ ನಿಲ್ಲುವವನೂ ನೋಡಬಹುದಿತ್ತು. ಆಗ ಉಳಿದ ದೊಡ್ಡ ಆಟಗಾರರು ಪಂದ್ಯಕ್ಕೆ ಮುಂಚೆ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಇವರು ಬಾಗಿಲೇ ತೆಗೆದಿಟ್ಟರು.

ಹರೀಶ್ ಭಾವ: ಹೆಸರು ಮಾಡಿದ ಮೇಲೆ ಕೊಡುವುದು ಸುಲಭ ಕಣಪ್ಪ. ಆಡುವುದು ಮುಗಿದಿತ್ತು, ಮಾರಿಕೊಂಡರು. ಚಂದಾ ಬಂತಲ್ಲ.

ನಾನು: ಮುಗಿದಿರಲಿಲ್ಲ ಭಾವ. ಸೈಟ್ ನಡೆಯುತ್ತಿದ್ದಾಗಲೇ 2010, 2011ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು, 2011ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಾಲ್ಕನೇ ಎಡಿಸಿಸಿಯನ್ನೂ ಗೆದ್ದರು. ಅವರ ಲೆಕ್ಕ ಏನೆಂದರೆ, ನನ್ನ ಆಟ ನೋಡಿ ಕಲಿತವನು ನನ್ನ ಆಟಕ್ಕೇ ಬರುತ್ತಾನೆ, ಅಲ್ಲಿ ನನಗಿಂತ ಚೆನ್ನಾಗಿ ದಾರಿ ಗೊತ್ತಿರುವವರು ಯಾರೂ ಇಲ್ಲ. ಚಂದಾ ತೆಗೆದುಕೊಂಡಿದ್ದು ನಿಜ, ಹೊಟ್ಟೆಪಾಡು ನಡೆಯಬೇಕಲ್ವಾ. ಆದರೆ ಗುಟ್ಟು ಇಟ್ಟುಕೊಂಡು ದುಡ್ಡು ಮಾಡುವವರು ಬೇರೆ, ಗುಟ್ಟೇ ಬೇಡ ಅಂದವರು ಬೇರೆ. ಇವತ್ತು ಬೆಂಗಳೂರಿನ ಒಂದು ಮಹಡಿಯ ಮೇಲೆ ಚೇತನ್ ಮಕ್ಕಳಿಗೆ ಎಕ್ಸ್ ಗಾರ್ಡ್ ಹೇಳಿಕೊಡುತ್ತಿದ್ದಾನೆ ಅಂದರೆ ಅದರ ಹಿಂದೆ ಆ ಬಾಗಿಲು ತೆಗೆದವರು ಇದ್ದಾರೆ. ನನಗೆ ಅವರ ಚಿನ್ನಗಳಿಗಿಂತ ಇದು ದೊಡ್ಡದು. ಮಥೇವುಸ್ ದಿನಿಸ್ ಅಂತ ಅವರ ಶಿಷ್ಯ 2019ರಲ್ಲಿ 88 ಕೆಜಿ ವಿಭಾಗದಲ್ಲಿ ಎಡಿಸಿಸಿ ಗೆದ್ದ.

ದೊಡ್ಡಪ್ಪ: ನೀನು ಏನೇ ಹೇಳು, ಪೂರ್ತಿ ಕೊಟ್ಟ ಉಸ್ತಾದನಿಗೆ ಶಿಷ್ಯನ ಭಯ ಇರಲ್ಲ, ಶಿಷ್ಯನಿಗೆ ಉಸ್ತಾದನ ಭಯವೂ ಇರಲ್ಲ. ಭಯ ಇಲ್ಲದ ಗರಡಿ ನಿಲ್ಲಲ್ಲ.

ಗೀತಾ ಚಿಕ್ಕಮ್ಮ: ಭಾವ, ಆ ಉಳಿಸಿಕೊಂಡ ಪಟ್ಟುಗಳೆಲ್ಲಾ ಎಲ್ಲಿಗೆ ಹೋದವು? ಉಸ್ತಾದರ ಜತೆಗೇ ಹೋದವು. ನಮ್ಮ ವಾರ್ಡಿನಲ್ಲಿ ಹಿರಿಯ ನರ್ಸ್ ಯಾರಾದರೂ ತನಗೆ ಗೊತ್ತಿದ್ದನ್ನು ಕಿರಿಯರಿಗೆ ಹೇಳಿಕೊಡದೆ ಇಟ್ಟುಕೊಂಡಿದ್ದರೆ ಪೇಷೆಂಟಿನ ಗತಿ ಏನಾಗಬೇಕಿತ್ತು?

ದೊಡ್ಡಪ್ಪ: ಆಸ್ಪತ್ರೆ ಬೇರೆ, ಗರಡಿ ಬೇರೆ.

ಸುಮಾ ಅಕ್ಕ: ನೀವೆಲ್ಲಾ ಅವರ ಗುಣಗಾನ ಮಾಡುತ್ತಿದ್ದೀರಿ. ನನ್ನ ಮಗನ ಸಂಬಳದ ವಿಷಯ ಯಾರಾದರೂ ಮಾತಾಡಿ. ರಾಜೀವ, ಈ ಆಟದಲ್ಲಿ ದುಡ್ಡು ಇದೆಯಾ ಇಲ್ಲವಾ, ನೇರವಾಗಿ ಹೇಳು.

ನಾನು: ಅಕ್ಕ, ಪಂದ್ಯದಲ್ಲಿ ಇಲ್ಲ. 2024ರ ಎಡಿಸಿಸಿಯಲ್ಲಿ ಗಂಡಸರ ಒಂದು ತೂಕದ ವಿಭಾಗ ಗೆದ್ದವರಿಗೆ ಕೊಟ್ಟಿದ್ದು 10,000 ಡಾಲರ್. ಎರಡು ವರ್ಷಕ್ಕೊಮ್ಮೆ, ಪ್ರಪಂಚಕ್ಕೇ ಮೊದಲನೆಯವರಾದರೆ. ಅದೇ ವಾರಾಂತ್ಯದಲ್ಲಿ ಅದೇ ಲಾಸ್ ವೇಗಸ್‌ನಲ್ಲಿ ಕ್ರೇಗ್ ಜೋನ್ಸ್ ಅನ್ನುವ ಆಸ್ಟ್ರೇಲಿಯಾದ ಆಟಗಾರ ಪೋಟಿಗೆ ಬಿದ್ದು ತನ್ನದೇ ಪಂದ್ಯ ನಡೆಸಿದರು. ಬಂದು ಆಡಿದವರಿಗೇ 10,001 ಡಾಲರ್, ಗೆದ್ದ ಇಬ್ಬರಿಗೆ ತಲಾ 10 ಲಕ್ಷ ಡಾಲರ್. ಆಟಗಾರರಿಗೆ ಎಷ್ಟು ಕಮ್ಮಿ ಸಿಗುತ್ತಿದೆ ಅಂತ ತೋರಿಸುವುದಕ್ಕೇ ಹಾಗೆ ಮಾಡಿದ್ದು. ಅದು ಬಿಡಿ, ಅಂಥದ್ದು ಎಲ್ಲರಿಗೂ ಸಿಗಲ್ಲ. ಮಾರ್ಸೆಲೊ ಅಂಥವರ ಮನೆ ನಡೆದದ್ದೂ ಕಲಿಸುವುದರಿಂದಲೇ, ಅಕಾಡೆಮಿ ಫೀಸು, ಸೆಮಿನಾರು, ಆ ಸೈಟು. ಹಾಗಾಗಿ ಚೇತನ್ ಗೆಲ್ಲುತ್ತಾನಾ ಅಂತ ಕೇಳಬೇಡ. ಹೇಳಿಕೊಡಲು ಬರುತ್ತದಾ, ಅವನ ಬ್ಯಾಚಿನ ಮಕ್ಕಳು ಮುಂದಿನ ತಿಂಗಳೂ ಬರುತ್ತಾರಾ, ಅದನ್ನು ಕೇಳು.

ಸುಮಾ ಅಕ್ಕ: ಏಟು ಬಿದ್ದರೆ? ಹೋದ ವರ್ಷ ಮಂಡಿ ನೋವು ಅಂತ ಎಷ್ಟು ದಿನ ಮಲಗಿದ್ದ. ಕಂಪನಿ ಇನ್ಶೂರೆನ್ಸ್ ಇತ್ತು ನಡೆಯಿತು. ಕೋಚ್ ಆದರೆ ಅದು ಯಾರು ಕೊಡುತ್ತಾರೆ? ಕಿವಿ ಬೇರೆ ಊದಿ ಗಂಟಾಗಿದೆ, ನಾಳೆ ಹೆಣ್ಣು ನೋಡಲು ಹೋದಾಗ ಏನು ಹೇಳುವುದು.

ದೊಡ್ಡಪ್ಪ: ಕಿವಿಗೆ ಏನೂ ಆಗಲ್ಲ ಸುಮಾ. ನಮ್ಮ ಉಸ್ತಾದರ ಎರಡು ಕಿವಿಯೂ ಹಾಗೇ ಇತ್ತು. ಪೈಲ್ವಾನರ ಕಿವಿ ಅದು. ಅವರಿಗೂ ಮದುವೆಯಾಗಿತ್ತು.

ಹರೀಶ್ ಭಾವ: ಮಾವ, ನೀವು ಯಾವ ಕಡೆ?

ದೊಡ್ಡಪ್ಪ: ಕೆಲಸ ಬಿಡುವುದು ಬೇಡ ಅನ್ನುವ ಕಡೆ. ನಮ್ಮ ಕಾಲದಲ್ಲೂ ಗರಡಿಯವರು ಬೆಳಿಗ್ಗೆ ಸಾಮು ಮಾಡಿ ಆಮೇಲೆ ಮಿಲ್ಲಿಗೆ, ಅಂಗಡಿಗೆ ಹೋಗುತ್ತಿದ್ದರು.

ಚೇತನ್: ತಾತ, ಸಂಜೆ ಆಫೀಸಿಂದ ಟ್ರಾಫಿಕ್ಕಿನಲ್ಲಿ ಓಡಿ ಬಂದು ಮ್ಯಾಟ್ ಮೇಲೆ ನಿಂತಾಗ ನನ್ನ ತಲೆ ಅರ್ಧ ಕೆಲಸದಲ್ಲೇ ಇರುತ್ತದೆ. ಆರು ವರ್ಷದ ಮಕ್ಕಳು ಬರುತ್ತಾರೆ. ಒಬ್ಬರ ಕತ್ತಿಗೆ ಒಬ್ಬರು ಕೈ ಹಾಕುವ ಆಟ ಇದು, ಒಂದು ಕ್ಷಣ ನಾನು ಬೇರೆ ಕಡೆ ನೋಡುವ ಹಾಗಿಲ್ಲ. ಅರ್ಧ ಮನಸ್ಸಲ್ಲಿ ಮಾಡುವ ಕೆಲಸ ಅಲ್ಲ. ಅದಕ್ಕೇ ಯೋಚಿಸುತ್ತಿರುವುದು, ಮಾರ್ಸೆಲೊ ಆಗಬೇಕು ಅಂತ ಅಲ್ಲ. ಅಮ್ಮ, ಇನ್ಶೂರೆನ್ಸ್ ನಾನೇ ತೆಗೆದುಕೊಳ್ಳುತ್ತೇನೆ, ಪ್ರೀಮಿಯಂ ಎಷ್ಟು ಅಂತ ವಿಚಾರಿಸಿದ್ದೇನೆ.

ಸುಮಾ ಅಕ್ಕ: ವಿಚಾರಿಸಿದ್ದನ್ನು ನನಗೆ ಹೇಳಿಲ್ಲವಲ್ಲ.

ಚೇತನ್: ಕೇಳಿದರೆ ಬೈಯುತ್ತೀಯಲ್ಲ ಅಮ್ಮ.

ಹರೀಶ್ ಭಾವ: ಭಾನುವಾರ ಮನೆಗೆ ಬಾ. ಅವರು ಎಷ್ಟು ಕೊಡುತ್ತಾರೆ, ಎಷ್ಟು ತಿಂಗಳ ಕರಾರು, ಪೆಟ್ಟಾದರೆ ಏನು, ಎಲ್ಲಾ ಬರೆದುಕೊಂಡು ಬಾ. ಬಾಯಿಮಾತಿನ ಲೆಕ್ಕ ಬೇಡ. ಅಲ್ಲಿಯವರೆಗೆ ರಾಜೀನಾಮೆ ಬರೆಯಬೇಡ.

ಚೇತನ್: ಆಯ್ತಪ್ಪ.

ಗೀತಾ ಚಿಕ್ಕಮ್ಮ: ಭಾವ, ನನ್ನ ಮಾತು ಅಲ್ಲೇ ಉಳಿಯಿತು. ಆ ಮೆಸೇಜ್ ಬೇರೆ ಎಲ್ಲೆಲ್ಲಿ ಹಾಕಿದ್ದೀರಿ?

ದೊಡ್ಡಪ್ಪ: ವಾಕಿಂಗ್ ಗುಂಪಿಗೆ, ದೇವಸ್ಥಾನದ ಗುಂಪಿಗೆ.

ಗೀತಾ ಚಿಕ್ಕಮ್ಮ: ದೇವಸ್ಥಾನದ ಗುಂಪಿನಲ್ಲಿ ಕೀಮೊ ತೆಗೆದುಕೊಳ್ಳುತ್ತಿರುವವರು ಒಬ್ಬರು ಇದ್ದಾರೆ, ನಿಮಗೂ ಗೊತ್ತು. ಅಲ್ಲಿ ಕೀಮೊ, ಸರ್ಜರಿ ಆಗಿ ಗುಣವಾಗಿದ್ದು ಅಂತ ಒಂದು ಸಾಲು ಹಾಕಿ. ನಾನೇ ಬರೆದು ಕಳಿಸುತ್ತೇನೆ, ಹಾಗೇ ಅಂಟಿಸಿ.

ದೊಡ್ಡಪ್ಪ: ಕಳಿಸು. ಚೇತನ್, ಆ 2003ರ ಪಂದ್ಯ ಇದ್ದರೆ ಹಾಕು. ಕಟ್ ಮಾಡಿದ್ದು ಬೇಡ, ಪೂರ್ತಿ ಇರಬೇಕು. ತೋಳು ಹೇಗೆ ಎಳೆದ ಅಂತ ನೋಡಬೇಕು.