ಸಿನಿಮಾವೇ ಆರೋಪಿಯಾದ ಮೊಕದ್ದಮೆ: ಈ ಚಿತ್ರ ಎಲ್ಲಾದರೂ ನೋಡಲು ಸಿಗುತ್ತದೆಯೇ?

ಕರಿಕೋಟು (ಪ್ರಶ್ನೆ):
ನಾನು ಕಿರಿಯ ವಕೀಲೆ. ನಮ್ಮ ಊರಿನ ಚಿತ್ರಸಮಾಜದಲ್ಲಿ 'ನ್ಯಾಯಾಲಯ ಮತ್ತು ಸಿನಿಮಾ' ಎಂಬ ವಿಷಯವಾಗಿ ಮಾತನಾಡಬೇಕಾಗಿದೆ. ಹಳೆಯ ತೀರ್ಪುಗಳನ್ನು ತಿರುವುತ್ತಿದ್ದಾಗ 1917ರ ಒಂದು ಶೀರ್ಷಿಕೆ ಕಣ್ಣಿಗೆ ಬಿತ್ತು: ಅಮೆರಿಕ ಸರ್ಕಾರ ವಿರುದ್ಧ 'ದಿ ಸ್ಪಿರಿಟ್ ಆಫ್ 76' ಚಲನಚಿತ್ರ. ಜಪ್ತಿಯಾದ ವಸ್ತುವಿನ ಹೆಸರಿನಲ್ಲೇ ಮೊಕದ್ದಮೆ ನಡೆಯುವುದು ನನಗೆ ಹೊಸದಲ್ಲ. ಆದರೆ ಇದು ಅಮೆರಿಕದ ಸ್ವಾತಂತ್ರ್ಯ ಸಮರದ ಕಥೆ. ಸ್ವಂತ ದೇಶದ ಹೋರಾಟವನ್ನು ತೋರಿಸಿದ ನಿರ್ಮಾಪಕ ಜೈಲಿಗೆ ಹೋಗಿದ್ದು ಹೇಗೆ? ಚಿತ್ರದ ಪ್ರತಿ ಎಲ್ಲಾದರೂ ಇದೆಯೇ?

ನಿವೃತ್ತ ಆಪರೇಟರ್:
ಪ್ರತಿ ಇಲ್ಲ, ಮೇಡಂ. ಹನ್ನೆರಡು ರೀಲಿನ ಮೂಕಿ ಚಿತ್ರ ಅದು. ಒಂದು ಅಡಿಯೂ ಉಳಿದಿಲ್ಲ.

ನಿರ್ಮಾಪಕ ರಾಬರ್ಟ್ ಗೋಲ್ಡ್‌ಸ್ಟೀನ್ ಲಾಸ್ ಏಂಜಲೀಸ್‌ನಲ್ಲಿ ನಾಟಕ, ಸಿನಿಮಾಗಳಿಗೆ ವೇಷಭೂಷಣ ಒದಗಿಸುತ್ತಿದ್ದವನು, ಜರ್ಮನ್ ಮೂಲದ ಯಹೂದಿ. ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' ಚಿತ್ರಕ್ಕೆ ಬಟ್ಟೆಯನ್ನೂ ಕೊಟ್ಟಿದ್ದ, ಹಣವನ್ನೂ ಹಾಕಿದ್ದ. ಅದು ಹಣದ ಹೊಳೆ ಹರಿಸಿದ್ದನ್ನು ನೋಡಿ, ತಾನೂ ಅಂಥದ್ದೊಂದು ತೆಗೆಯುತ್ತೇನೆಂದು ಹೊರಟ. ಪಾಲ್ ರಿವಿಯರ್‌ನ ಕುದುರೆ ಸವಾರಿ, ಸ್ವಾತಂತ್ರ್ಯ ಘೋಷಣೆಗೆ ಸಹಿ, ವ್ಯಾಲಿ ಫೋರ್ಜ್‌ನಲ್ಲಿ ವಾಷಿಂಗ್ಟನ್, ಎಲ್ಲವನ್ನೂ ತುಂಬಿದ. ನಡುವೆ ಅಮೆರಿಕದ ರಾಣಿಯಾಗಲು ಹವಣಿಸುವ ಕ್ಯಾಥರೀನ್ ಮಾಂಟೂರ್ ಎಂಬವಳ ಕಥೆ. ನಮ್ಮ ಕಂಪನಿ ನಾಟಕದವರೂ ಮೆಚ್ಚುವಷ್ಟು ಮಸಾಲೆ.

ಅವನಿಗೆ ಕೈಕೊಟ್ಟದ್ದು ಪಂಚಾಂಗ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಬ್ರಿಟನ್ನಿನ ಪಕ್ಷ ವಹಿಸಿ ಯುದ್ಧಕ್ಕಿಳಿಯಿತು. ಮೇ ತಿಂಗಳಲ್ಲಿ, ಬ್ರಿಟಿಷ್ ಸೈನಿಕರೇ ಖಳರಾಗಿದ್ದ ಈ ಚಿತ್ರ ಶಿಕಾಗೋದಲ್ಲಿ ತೆರೆಗೆ ಬಂತು. ಅಲ್ಲಿನ ಪೊಲೀಸ್ ಸೆನ್ಸಾರ್ ಅಧಿಕಾರಿ ಮೆಟೆಲಸ್ ಲುಕುಲಸ್ ಸಿಸೆರೋ ಫಂಕ್‌ಹೌಸರ್ (ಹೆಸರು ಓದುವಷ್ಟರಲ್ಲಿ ಒಂದು ರೀಲು ಮುಗಿಯುತ್ತದೆ) ತಡೆದ. ಕತ್ತರಿ ಹಾಕಿದ ಮೇಲೆ ಪ್ರದರ್ಶನ ನಡೆಯಿತು. ಜೂನ್‌ನಲ್ಲಿ ಬೇಹುಗಾರಿಕೆ ಕಾಯ್ದೆ ಬಂತು; ಯುದ್ಧಕಾಲದಲ್ಲಿ ಸೇನೆಯೊಳಗೆ ಅವಿಧೇಯತೆ ಹುಟ್ಟಿಸಲು ಯತ್ನಿಸುವುದೂ ಅದರಡಿ ಅಪರಾಧ. ನವೆಂಬರ್ ಕೊನೆಗೆ ಲಾಸ್ ಏಂಜಲೀಸ್‌ನ ಕ್ಲೂನ್ಸ್ ಆಡಿಟೋರಿಯಂನಲ್ಲಿ ಚಿತ್ರ ಮತ್ತೆ ತೆರೆ ಕಂಡಾಗ ಆಕ್ಷೇಪಣೆಯ ದೃಶ್ಯಗಳೂ ಅದರಲ್ಲಿದ್ದವು. ಅಧಿಕಾರಿಗಳಿಗೆ ಅವಿಲ್ಲದ ಪ್ರತಿ ತೋರಿಸಿ ಆಮೇಲೆ ಸೇರಿಸಿದ ಎಂಬುದು ಸರ್ಕಾರದ ವಾದ. ಡಬ್ಬಗಳೆಲ್ಲ ಜಪ್ತಿಯಾದವು.

ನಾನು ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಸೆನ್ಸಾರ್‌ಗೆ ಒಂದು ಪ್ರತಿ, ರಾತ್ರಿ ಆಟಕ್ಕೆ ಇನ್ನೊಂದು ಎಂಬ ವಿದ್ಯೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಣುಕನ್ನು ಮತ್ತೆ ಅಂಟಿಸುವುದು ಹತ್ತು ನಿಮಿಷದ ಕೆಲಸ. ಮಾಲೀಕರು ಹೇಳಿದ್ದಕ್ಕೆ ನಾನೂ 'ಬಿಟ್' ಸೇರಿಸಿ, ಒಮ್ಮೆ ಠಾಣೆಯ ಬೆಂಚಿನ ಮೇಲೆ ಬೆಳಗು ಮಾಡಿದ್ದೇನೆ. ನನಗೆ ಆದದ್ದು ಒಂದು ರಾತ್ರಿ. ಗೋಲ್ಡ್‌ಸ್ಟೀನ್‌ಗೆ ಹತ್ತು ವರ್ಷ ಸಜೆ, ಐದು ಸಾವಿರ ಡಾಲರ್ ದಂಡ. ಅಧ್ಯಕ್ಷ ವಿಲ್ಸನ್ ಆಮೇಲೆ ಸಜೆಯನ್ನು ಮೂರು ವರ್ಷಕ್ಕೆ ಇಳಿಸಿದರು.

ಎರಡನೇ ಆಟ:
ಕನಿಕರ ಸ್ವಲ್ಪ ಹೆಚ್ಚಾಯಿತು, ಆಪರೇಟರ್ ಸರ್. ಮುಖ್ಯ ಆಕ್ಷೇಪಣೆ ಇದ್ದದ್ದು 1778ರ ವಯೋಮಿಂಗ್ ಕಣಿವೆಯ ಹತ್ಯಾಕಾಂಡದ ದೃಶ್ಯಕ್ಕೆ. ಅಲ್ಲಿ ದಾಳಿ ಮಾಡಿದವರು ರಾಜನಿಷ್ಠ ವಸಾಹತುಗಾರರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿ ಇರೋಕ್ವಾ ಯೋಧರು. ಸತ್ತವರು ಬಹುಪಾಲು ಹೋರಾಡುತ್ತಿದ್ದವರು. ಗೋಲ್ಡ್‌ಸ್ಟೀನ್ ಬ್ರಿಟಿಷ್ ಸೈನಿಕನ ಕೈಗೆ ಬಯೊನೆಟ್ ಕೊಟ್ಟು, ಅದರ ತುದಿಗೆ ಹಸುಗೂಸನ್ನು ಸಿಕ್ಕಿಸಿದ. ಇದನ್ನು ಇತಿಹಾಸವೆಂದು ಕರೆಯುವುದು ಹೇಗೆ?

ನಿವೃತ್ತ ಆಪರೇಟರ್:
ಇತಿಹಾಸವಲ್ಲ, ಒಪ್ಪಿದೆ. ಆದರೆ ಅದೇ ಕೂಸನ್ನು ಜರ್ಮನ್ ಸೈನಿಕನ ಬಯೊನೆಟ್ಟಿಗೆ ಸಿಕ್ಕಿಸಿದ ಕಥೆಗಳು ಆ ವರ್ಷಗಳಲ್ಲಿ ಧಾರಾಳವಾಗಿ ಹರಿದಾಡುತ್ತಿದ್ದವು. ಅವುಗಳಿಗೆ ಯಾರೂ ಪುರಾವೆ ಕೇಳಲಿಲ್ಲ. ನ್ಯಾಯಾಧೀಶ ಬ್ಲೆಡ್ಸೋ ಕೂಡ ದೃಶ್ಯ ಸುಳ್ಳೆಂದು ಹೇಳಿ ಶಿಕ್ಷಿಸಲಿಲ್ಲ. ನಿಜವೇ ಇರಲಿ, ಮಿತ್ರರಾಷ್ಟ್ರದ ಮೇಲೆ ಜನರಿಗೆ ಅಸಮಾಧಾನ ಹುಟ್ಟಿಸಲು ಇದು ಕಾಲವಲ್ಲ ಎಂಬುದು ಅವರ ಧೋರಣೆಯಾಗಿತ್ತು.

ಮೇಡಂ, ನಿಮ್ಮ ಭಾಷಣಕ್ಕೆ ಬೇಕಾದದ್ದು ಬಹುಶಃ ಇಲ್ಲಿದೆ. ಆ ಆದೇಶದಲ್ಲಿ ಆಕ್ಷೇಪಣೆಯ ದೃಶ್ಯಗಳನ್ನು ಒಂದೊಂದಾಗಿ ಬಣ್ಣಿಸಿದ್ದಾರೆ: ಸೈನಿಕ ಕೂಸನ್ನು ಬಯೊನೆಟ್ಟಿನಲ್ಲಿ ಎತ್ತಿ ತಲೆಯ ಮೇಲೆ ತಿರುಗಿಸುವುದು, ಹೆಂಗಸರಿಗೆ ಗುಂಡಿಕ್ಕುವುದು, ಹುಡುಗಿಯರನ್ನು ಎಳೆದೊಯ್ಯುವುದು. ಸೆನ್ಸಾರ್ ದಾಟಿಬಂದ ರೀಲುಗಳೆಲ್ಲ ಮಣ್ಣುಪಾಲಾದವು. ಕತ್ತರಿಸಬೇಕೆಂದ ತುಣುಕುಗಳು ಮಾತ್ರ ತೀರ್ಪಿನ ಪುಟದಲ್ಲಿ ಕೂತಿವೆ.

ಎರಡನೇ ಆಟ:
ಈ ಮಾತಿಗೆ ಎದುರಾಡುವುದಿಲ್ಲ. 1921ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ಚಿತ್ರ ಮತ್ತೆ ತೆರೆ ಕಂಡಿತು ಎಂಬುದನ್ನೂ ಸೇರಿಸಿಕೊಳ್ಳಿ. ಯುದ್ಧ ಮುಗಿದಿತ್ತು, ಯಾವ ದಂಗೆಯೂ ಏಳಲಿಲ್ಲ. ಅದೇ ವರ್ಷ ನಮ್ಮಲ್ಲಿ 'ಭಕ್ತ ವಿದುರ' ಚಿತ್ರಕ್ಕೆ ಮದ್ರಾಸಿನಲ್ಲಿ ನಿಷೇಧ ಬಿತ್ತು, ವಿದುರ ಗಾಂಧೀಜಿಯ ಹಾಗೆ ಕಾಣುತ್ತಾನೆಂದು. ಅದೂ ಈಗ ನೋಡಲು ಸಿಗುವುದಿಲ್ಲ.

ಕರಿಕೋಟು:
ಇಬ್ಬರಿಗೂ ಧನ್ಯವಾದ. ಚಿತ್ರಸಮಾಜದವರು ತುಣುಕು ತೋರಿಸಲೇಬೇಕೆಂದು ಹಟ ಹಿಡಿದಿದ್ದರು. ಪರದೆಯನ್ನು ಖಾಲಿ ಬಿಟ್ಟು, ಬ್ಲೆಡ್ಸೋ ಬರೆದ ಆ ಭಾಗವನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದುತ್ತೇನೆ. ಆಪರೇಟರ್ ಸರ್, ನೀವು ಬರುವುದಾದರೆ ಆ ಠಾಣೆಯ ಬೆಂಚಿನ ಕಥೆಗೆ ಹತ್ತು ನಿಮಿಷ ತೆಗೆದಿಡುತ್ತೇನೆ.