ಅಪ್‌ಡೇಟ್: ತಿದ್ದಿದ ಡಿಎಸ್‌ಡಿಟಿಯನ್ನು ಕರ್ನಲ್ ಈಗ ಓದುತ್ತಿದೆ

ಲಿನಕ್ಸ್ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದರೆ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಬಿಸಿಯಾಗಿರುತ್ತದೆ, ಎಸ್3 (ಮೆಮೊರಿ ಬಿಟ್ಟು ಹೆಚ್ಚಿನದೆಲ್ಲ ಆಫ್ ಆಗುವ ಗಾಢ ನಿದ್ರೆ) ಸೇರಿಸಿ ತಿದ್ದಿದ ಡಿಎಸ್‌ಡಿಟಿಯನ್ನು (ಹಾರ್ಡ್‌ವೇರ್ ಬಗ್ಗೆ ಬಯಾಸ್ ಕೊಡುವ ವಿವರಗಳ ಟೇಬಲ್) ಕರ್ನಲ್ (ಲಿನಕ್ಸ್‌ನ ತಿರುಳು) ತೆಗೆದುಕೊಳ್ಳುತ್ತಿಲ್ಲ ಎಂದು ಕೇಳಿದ್ದೆ. ಬಗೆಹರಿಯಿತು.

ಮುಖ್ಯ ತಪ್ಪು ಒಇಎಂ ರಿವಿಷನ್‌ನದು, ಅಂದರೆ ಟೇಬಲ್‌ನ ಆವೃತ್ತಿ ಸಂಖ್ಯೆಯದು. ಟೇಬಲ್ ಫೈಲಿನ ಡೆಫಿನಿಷನ್ ಬ್ಲಾಕ್ ಸಾಲಿನ ಕೊನೆಯಲ್ಲಿರುವ ಈ ಸಂಖ್ಯೆ ಮೂಲ ಟೇಬಲ್‌ಗಿಂತ ಹೆಚ್ಚಿರಲೇಬೇಕು. ಸಮ ಇದ್ದರೂ ಕರ್ನಲ್ ಸದ್ದಿಲ್ಲದೆ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. 2 ಇದ್ದದ್ದನ್ನು 3 ಮಾಡಿ ಟೇಬಲ್ ಕಂಪೈಲರ್ ಆದ ಐಎಎಸ್ಎಲ್‌ನಲ್ಲಿ ಮತ್ತೆ ಕಂಪೈಲ್ ಮಾಡಿದೆ. ಇನ್ನೊಂದು, ಟೇಬಲ್ ಇಟ್ಟಿದ್ದ ಸಿಪಿಐಒ ಆರ್ಕೈವ್ ಫೈಲನ್ನು ಜಿಜಿಪ್ ಮಾಡಿಬಿಟ್ಟಿದ್ದೆ. ಅದು ಕಂಪ್ರೆಸ್ ಆಗದ ನ್ಯೂಸಿ ಫಾರ್ಮ್ಯಾಟ್‌ನಲ್ಲೇ ಇರಬೇಕು, ಒಳಗೆ ಕರ್ನಲ್/ಫರ್ಮ್‌ವೇರ್/ಎಸಿಪಿಐ ಫೋಲ್ಡರ್ ಇರಬೇಕು, ಮೂಲ ಇನಿಟ್‌ಆರ್‌ಡಿಗಿಂತ (ಬೂಟ್‌ನ ಆರಂಭಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಮೊದಲು ಲೋಡ್ ಆಗಬೇಕು. ಸೆಕ್ಯೂರ್ ಬೂಟ್ ಕೂಡ ಆಫ್ ಮಾಡಬೇಕಾಯಿತು. ಅದರಿಂದ ಕರ್ನಲ್ ಲಾಕ್‌ಡೌನ್ (ಬಿಗಿ ಭದ್ರತೆ) ಇದ್ದರೆ ಟೇಬಲ್ ಓವರ್‌ರೈಡ್ ನಡೆಯುವುದಿಲ್ಲ.

ಈಗ ಮೆಮ್_ಸ್ಲೀಪ್ ಫೈಲ್‌ನಲ್ಲಿ ಎಸ್2ಐಡಲ್ (ಹಗುರ ನಿದ್ರೆ) ಪಕ್ಕ ಡೀಪ್ (ಎಸ್3) ಕಾಣುತ್ತಿದೆ. ಅದನ್ನೇ ಡೀಫಾಲ್ಟ್ ಮಾಡಲು ಬೂಟ್ ಸಾಲಿಗೆ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಸೇರಿಸಿದೆ.

ದಯವಿಟ್ಟು ನನ್ನ ಫೈಲ್ ಕೇಳಬೇಡಿ, ನಿಮ್ಮ ಮೆಷಿನ್‌ಗೆ ಅದು ಹೊಂದದಿರಬಹುದು. ಬಯಾಸ್ ಅಪ್‌ಡೇಟ್ ಆದರೂ ಟೇಬಲ್‌ನೊಳಗಿನ ಆಪರೇಷನ್ ರೀಜನ್ (ಹಾರ್ಡ್‌ವೇರ್ ತಲುಪುವ ಜಾಗ) ವಿಳಾಸಗಳು ಬದಲಾಗಬಹುದು. ಪ್ರತಿಸಲ ನಿಮ್ಮ ಮೆಷಿನ್‌ನಿಂದಲೇ ಹೊಸದಾಗಿ ಡಂಪ್ ತೆಗೆದು ತಿದ್ದಿ. ಹಳೆಯ ಬೂಟ್ ಎಂಟ್ರಿಯನ್ನು ಮಾತ್ರ ಅಳಿಸಬೇಡಿ, ಸ್ಕ್ರೀನ್ ಎಚ್ಚರವಾಗದಿದ್ದರೆ ಅದೇ ದಾರಿ.